ಬರ ಆರಿಸಿದ ಗಿಡಗಳು

ನಾನು ಏಳನೇ ಇಯತ್ತೆ ತನಕ ಕನ್ನಡ ಸಾಲಿ ಕಲಿತವಳು. ಜತ್ತ ತಾಲೂಕಿನ ಮೂಡಣ ದಿಕ್ಕಿನ ಒಂದು ಊರಾಗ ನಾಲ್ಕು ಎಕರೆ ಜೋಳದ ಹೊಲ, ಹತ್ತು ಕುರಿ, ಮನಿ ಹಿಂದ ಒಂದು ಹಿತ್ತಲ, ಇಷ್ಟು ನನ್ನ ಬದುಕು. ಮದುವಿಯಾಗ ಸೋಬಾನ ಹಾಡತೇನಿ, ತೊಟ್ಟಿಲದಾಗ ಜೋಗುಳ ಹಾಡತೇನಿ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರ ದಾನಮ್ಮನ ಜಾತ್ರಿಯೊಳಗ ರಾತ್ರಿಯೆಲ್ಲ ಕುಂತು ಹಾಡಿದ್ದೂ ಉಂಟು. ನಮ್ಮ ವಾಚನಾಲಯದ ಹುಡುಗರು "ಅವ್ವಾ, ಈ ಸಲ ಪುಸ್ತಕಕ್ಕ ನೀವು ಪದದ ಬಗ್ಗೆ ಬರೀರಿ" ಅಂದರು. ಪದದ ಬಗ್ಗೆ ಬರೆಯಬೇಕೆಂದು ಒಂದೊಂದೇ ಪದ ನೆನಪು ಮಾಡಿಕೊಳ್ಳುತ್ತಾ ಹೋದಾಗ ಒಂದು ಮಾತು ಹೊಳೆಯಿತು. ಅದರಿಂದ ಈ ಲೇಖನ ಬೇರೆ ದಾರಿ ಹಿಡಿಯಿತು.

ನಮ್ಮ ಹೆಣ್ಣುಮಕ್ಕಳ ಪದಗಳಲ್ಲಿ ಮಲ್ಲಿಗೆ ಬರುತ್ತದೆ, ಸಂಪಿಗೆ ಬರುತ್ತದೆ, ಬಾಳೆಯ ಬನ ಬರುತ್ತದೆ, ನಿಂಬೆಯ ತೋಟ ಬರುತ್ತದೆ. ಆದರೆ ನಮ್ಮ ಸೀಮೆಯಾಗ ಸಂಪಿಗೆ ಗಿಡ ಕಣ್ಣಿಲೆ ಕಂಡವರು ಎಷ್ಟು ಮಂದಿ? ನಾನಂತೂ ಲಗ್ನಾಗಿ ಎರಡು ಮಕ್ಕಳಾದ ಮ್ಯಾಲ ಬೇರೆ ಊರಾಗ ಮೊದಲ ಸಲ ನೋಡಿದೆ. ಪದದಾಗ ಇರುವ ಗಿಡ ಹಿತ್ತಲದಾಗ ಇಲ್ಲ. ಹಿತ್ತಲದಾಗ ಇರುವ ಗಿಡ ಪದದಾಗ ಇಲ್ಲ. ಡಬ್ಬಗಳ್ಳಿಯನ್ನು ಯಾರು ಹಾಡ್ಯಾರ? ಕತ್ತಾಳಿಯನ್ನು ಯಾರು ಹಾಡ್ಯಾರ? ನಮ್ಮನ್ನು ಬರಗಾಲದಾಗ ಸಾಕಿದ ಗಿಡಗಳಿಗೆ ಪದ ಇಲ್ಲ, ಪುಸ್ತಕ ಇಲ್ಲ. ಅದಕ್ಕ ಅವುಗಳ ಚರಿತ್ರೆಯನ್ನಾದರೂ ಬರೆದಿಡೋಣ ಅನಿಸಿತು.

ಮೊದಲು ನಮ್ಮ ಸೀಮೆಯ ಗುಣ ಹೇಳುತ್ತೇನೆ. ಸಾಂಗಲಿ ಜಿಲ್ಲೆಯ ಪಶ್ಚಿಮಕ್ಕೆ ಕೃಷ್ಣಾ ವಾರಣಾ ದಂಡೆ, ಅಲ್ಲಿ ಕಬ್ಬು. ಅರಬ್ಬೀ ಸಮುದ್ರದಿಂದ ಬರುವ ಮೋಡ ಸಹ್ಯಾದ್ರಿಗೆ ಬಡಿದು ಅಲ್ಲೇ ನೀರು ಸುರಿಸುತ್ತದೆ. ಗುಡ್ಡ ದಾಟಿ ಪೂರ್ವಕ್ಕೆ ಬರುವ ಹೊತ್ತಿಗೆ ಅದರ ಕೊಡ ಬರಿದಾಗಿರುತ್ತದೆ. ಹೀಗಾಗಿ ಜತ್ತ, ಮಂಗಳವೇಢೆ, ಸಾಂಗೋಲೆ, ಅಕ್ಕಲಕೋಟ, ಆಚೆ ಇಂಡಿ, ಬಿಜಾಪುರ, ಇವೆಲ್ಲ ಒಂದೇ ಬರದ ಮಕ್ಕಳು. 1948 ರವರೆಗೆ ಜತ್ತ ಡಫಳೆ ಮನೆತನದ ಸಂಸ್ಥಾನ. 1956 ರಲ್ಲಿ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮುಂಬಯಿ ರಾಜ್ಯದಾಗ ಉಳಿದೆವು, 1960 ರಿಂದ ಮಹಾರಾಷ್ಟ್ರ. ಗಡಿ ಎಷ್ಟು ಸಲ ಬದಲಾದರೂ ಮಳೆಯ ಗಡಿ ಮಾತ್ರ ಸರಿದಿಲ್ಲ.

ಇಂಥ ನೆಲದಾಗ ಗಿಡ ಆರಿಸುವುದು ಹೇಗೆ? ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಂದು ಮಾತು ಹೇಳತಿದ್ದಳು. "ಮಳಿ ಆದ ವರ್ಷ ಎಲ್ಲಾ ಗಿಡಾನೂ ಚಂದ ಕಾಣತಾವ. ಮಳಿ ಹೋದ ವರ್ಷ ಹಿತ್ತಲಕ್ಕ ಹೋಗಿ ನೋಡು, ಯಾವುದು ಉಳದೈತೋ ಅದು ನಿಂದು." ನಮ್ಮ ಹಿತ್ತಲದ ಗಿಡಗಳನ್ನು ನಾವು ಆರಿಸಿಲ್ಲ, ಬರ ಆರಿಸಿದೆ. ಬರ ಬಿಟ್ಟು ಹೋದದ್ದನ್ನು ನಮ್ಮ ಹಿರಿಯರು ಇಟ್ಟುಕೊಂಡರು. ಈ ಮಾತನ್ನೇ ಒಂದೊಂದು ಗಿಡ ಹಿಡಿದು ತೋರಿಸುತ್ತೇನೆ.

ಎಲ್ಲಕ್ಕಿಂತ ಹಳೆಯದು ಬನ್ನಿ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧ ಬಚ್ಚಿಟ್ಟ ಗಿಡ ಅಂತ ಎಲ್ಲರಿಗೂ ಗೊತ್ತು. ಆಯುಧಕ್ಕಿಂತ ದೊಡ್ಡದನ್ನು ಅದು ನೆಲದಾಗ ಬಚ್ಚಿಟ್ಟುಕೊಂಡಿರುತ್ತದೆ, ಅದು ಅದರ ಬೇರು. ಮೇಲೆ ಆಳೆತ್ತರ ಇದ್ದರೆ ಕೆಳಗೆ ಅದರ ಹಲವು ಪಟ್ಟು ಇಳಿದಿರುತ್ತದೆ. ಬೇಸಗೆಯಾಗ ಬ್ಯಾರೆ ಗಿಡ ಬೋಳಾದಾಗ ಬನ್ನಿ ಹೊಸ ಚಿಗುರು ಬಿಡುತ್ತದೆ. ಎಲೆ, ಕಾಯಿ ಕುರಿಗೆ ಮೇವು. ಅದರ ನೆರಳಿನಾಗ ಜೋಳ ಸೊರಗುವುದಿಲ್ಲ, ಉದುರಿದ ಎಲೆ ಗೊಬ್ಬರ ಆಗುತ್ತದೆ. ಹೊಲದ ನಡುವೆ ಇದ್ದರೂ ನಮ್ಮ ಹಿರಿಯರು ಅದನ್ನು ಕಡಿಯಲಿಲ್ಲ. ದಸರೆಗೆ ನಾವು ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತೇವಿ. ನಮ್ಮ ಮರಾಠಿ ನೆರೆಯವರು ಆಪಟ್ಯಾಚಿ ಪಾನ ಕೊಟ್ಟು ಸೋನೆ ಘ್ಯಾ ಅಂತಾರ. ನಮ್ಮ ಓಣಿಯಾಗ ಎರಡೂ ಎಲೆ ಕೈಯಿಂದ ಕೈಗೆ ಓಡಾಡತಾವ. ಪೂಜೆಯ ನೆಪದಾಗ ಒಂದು ಗಟ್ಟಿ ಗಿಡ ಉಳಿದುಕೊಂಡಿತು ಅನ್ನುವುದು ನನ್ನ ತಿಳುವಳಿಕೆ.

ಎರಡನೆಯದು ಬಾರಿ. ಬಾರಿಹಣ್ಣಿನ ಗಿಡ. ದಕ್ಷಿಣದ ಕಡೆ ಎಲಚಿ ಅಂತಾರ, ಮರಾಠಿಯಾಗ ಬೋರ. ಬೇಸಗೆ ಬಂದರೆ ಇದು ಎಲೆ ಉದುರಿಸಿ ಸತ್ತಂಗ ನಿಲ್ಲುತ್ತದೆ. ಹೊಸಬರು ಒಣಗಿತು ಅಂತ ಕಡಿಯಲು ಹೋಗತಾರ. ಅದು ಒಣಗಿಲ್ಲ, ನೀರು ಉಳಿಸಲು ಎಲೆಯ ಬಾಗಿಲು ಹಾಕಿಕೊಂಡು ಮಲಗಿದೆ. ಮಳೆಗೆ ಎದ್ದು ಚಿಗುರಿ, ಚಳಿಗಾಲಕ್ಕೆ ಹಣ್ಣು ಕೊಡುತ್ತದೆ. ಸಂಕ್ರಮಣದಾಗ ಸಣ್ಣ ಮಕ್ಕಳನ್ನು ಮಣಿ ಮ್ಯಾಲ ಕೂಡಿಸಿ ಬಾರಿಹಣ್ಣು, ಕಬ್ಬಿನ ತುಂಡು ತಲಿ ಮ್ಯಾಲ ಸುರಿದು ಕರಿ ಎರೀತೇವಿ. ಒಂದು ಕೆಲಸದ ಮಾತು: ಬಾರಿಯ ಬೀಜವನ್ನು ಇರಬೇಕಾದ ಜಾಗದಲ್ಲೇ ಊರಬೇಕು. ಅದರ ತಾಯಿಬೇರು ನೇರ ಪಾತಾಳಕ್ಕೆ ಇಳಿಯುತ್ತದೆ, ಕಿತ್ತು ಹಚ್ಚಿದರೆ ಬೇರು ತುಂಡಾಗಿ ಗಿಡ ಜೀವಮಾನವಿಡೀ ಕುಂಟುತ್ತದೆ. ಕಾಡುಬಾರಿಗೆ ಆಮೇಲೆ ಉಮರಾಣ ತಳಿಯ ಕಣ್ಣು ಕಟ್ಟಿದರೆ ದಪ್ಪ ಹಣ್ಣು.

ಇವೆರಡು ಈ ನೆಲದವು. ಇನ್ನು ಕಡಲು ದಾಟಿ ಬಂದವು. ಸೀತಾಫಲ ಅಂದ ಕೂಡಲೇ ಸೀತಮ್ಮ ವನವಾಸದಾಗ ತಿಂದ ಹಣ್ಣು ಅಂತ ನಾವು ಕಥೆ ಹೇಳತೇವಿ. ಕಥೆ ಚಂದ. ಆದರೆ ಗಿಡ ಅಮೇರಿಕಾ ಖಂಡದ ಬೆಚ್ಚನೆಯ ನಾಡಿನದು, ಪೋರ್ತುಗೀಜರ ಹಡಗಿನ ಕಾಲದಲ್ಲಿ ಇತ್ತ ಬಂತು ಅನ್ನುತ್ತಾರೆ ತಿಳಿದವರು. ಬಂದು ಇಲ್ಲಿಯ ಕಲ್ಲುನೆಲ ಎಷ್ಟು ಮೆಚ್ಚಿತೆಂದರೆ ದೌಲತಾಬಾದ, ಬಾಲಾಘಾಟದ ಗುಡ್ಡದಾಗ ತಾನೇ ಬೆಳೆದು ನಿಂತಿತು. ಇದರ ದೊಡ್ಡ ಗುಣ, ಆಡು ಇದರ ಎಲೆ ಮುಟ್ಟುವುದಿಲ್ಲ. ಬೇಲಿಯಿಲ್ಲದ ಹಿತ್ತಲಕ್ಕೆ ಇದಕ್ಕಿಂತ ಬೇರೆ ವರ ಬೇಕಾ? ಬೀಜವನ್ನು ಅರೆದು ತಲೆಗೆ ಹಚ್ಚಿದರೆ ಹೇನು ಸಾಯುತ್ತವೆ, ಆದರೆ ಕಣ್ಣಿಗೆ ತಾಕಿದರೆ ಕಣ್ಣಿಗೇ ಕೇಡು. ಅದನ್ನು ಮಾಡಲು ಹೋಗಬಾರದು.

ಗುಲಬಾಕ್ಷಿ ಕೂಡ ದಕ್ಷಿಣ ಅಮೇರಿಕಾದಿಂದ ಬಂದ ಹೂವು. ಸಂಜಿಮುಂದ ಅರಳತದ, ಮುಂಜಾನೆ ಮುದುಡತದ. ಮನೆಯಾಗ ಗಡಿಯಾರ ಇಲ್ಲದ ಕಾಲಕ್ಕ ಗುಲಬಾಕ್ಷಿ ಅರಳಿತಂದ್ರ ಒಲಿ ಹೊತ್ತಿಸುವ ಹೊತ್ತು. ಎಳ್ಳಷ್ಟೂ ನೀರು ಹಾಕದಿದ್ದರೆ ಬೇಸಗೆಯಾಗ ಮೇಲಿನದೆಲ್ಲ ಒಣಗಿ ಮಾಯ. ನೆಲದೊಳಗೆ ಗಜ್ಜರಿಯಂಥ ಗಡ್ಡೆ ಕುಂತಿರುತ್ತದೆ. ಮೊದಲ ಮಳೆಗೆ ಮತ್ತೆ ತಲೆ ಎತ್ತುತ್ತದೆ. ಲಗ್ನಾಗಿ ಈ ಊರಿಗೆ ಬರುವಾಗ ನಾನು ಉಡಿಯಾಗ ಅದರ ಗಡ್ಡೆ ಕಟ್ಟಿಕೊಂಡು ಬಂದವಳು. ನಮ್ಮ ಅವ್ವನೂ ಹಂಗೇ ತಂದಿದ್ದಳು. ರಾಜರ ಚರಿತ್ರೆ ಶಾಸನದಾಗ ಇರತದ, ಹೆಣ್ಣುಮಕ್ಕಳ ಚರಿತ್ರೆ ಇಂಥ ಗಡ್ಡಿಯೊಳಗ ಇರತದ.

ಕತ್ತಾಳಿ ಮೆಕ್ಸಿಕೋ ದೇಶದ್ದು. ಬ್ರಿಟಿಷರ ಕಾಲದಾಗ ರೇಲ್ವೆ ಹಳಿಗೆ ದನ ಬರದಂಗ ಬೇಲಿ ಅಂತ ಇದನ್ನು ಹಚ್ಚಿದರು. ಅಲ್ಲಿಂದ ಮರಿ ಕಿತ್ತು ತಂದು ರೈತರು ಹೊಲದ ಒಡ್ಡಿಗೆ ಹಚ್ಚಿಕೊಂಡರು. ಎಲೆ ಕೊಳೆಸಿ ಬಡಿದು ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು, ಎತ್ತಿನ ಕಣ್ಣಿ, ಬಾವಿಯ ಹಗ್ಗ. ಇದು ಹತ್ತಾರು ವರ್ಷ ಸುಮ್ಮನೆ ಕುಂತು, ಒಮ್ಮೆ ಮಾತ್ರ ಕಂಬದಷ್ಟು ಎತ್ತರಕ್ಕೆ ಹೂ ಬಿಟ್ಟು ಸಾಯುತ್ತದೆ. ಸಾಯುವ ಮುಂಚೆ ಸುತ್ತಲೂ ಮರಿ ಬಿಟ್ಟಿರುತ್ತದೆ.

ಈಗ ಡಬ್ಬಗಳ್ಳಿಯ ಕಥೆ. ಪಾಪಾಸುಕಳ್ಳಿ ಅಂತಲೂ ಅಂತಾರ, ಮರಾಠಿಯಾಗ ಫಡ್ಯಾ ನಿವಡುಂಗ. ಇದರ ಚರಿತ್ರೆ ಕೇಳಿದರೆ ಯಾರೂ ನಂಬಲಿಕ್ಕಿಲ್ಲ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಬಟ್ಟೆಗೆ ಹಾಕುವ ಕೆಂಪು ಬಣ್ಣ ಬೇಕಾಗಿತ್ತು. ಆ ಬಣ್ಣ ಬರುವುದು ಈ ಕಳ್ಳಿಯ ಮೇಲೆ ಬದುಕುವ ಒಂದು ಹುಳದಿಂದ. ಮೆಕ್ಸಿಕೋದಲ್ಲಿ ಸ್ಪೇನದವರ ಕೈಯಾಗ ಆ ವ್ಯಾಪಾರ ಇತ್ತು. ಅದನ್ನು ಇಲ್ಲೇ ಮಾಡೋಣ ಅಂತ ಕಂಪನಿಯವರು ಕಳ್ಳಿ ಬೆಳೆಸಿದರು, 1795 ರಲ್ಲಿ ಬ್ರೆಜಿಲ್‌ನಿಂದ ಕಲಕತ್ತೆಗೆ ಹುಳ ತರಿಸಿದರು. ಬಂದದ್ದು ಒಳ್ಳೆಯ ಬಣ್ಣದ ಹುಳ ಅಲ್ಲ, ಅದರ ದಾಯಾದಿ. ಬಣ್ಣದ ವ್ಯಾಪಾರ ಕೆಟ್ಟಿತು. ಆ ಹುಳ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಇನ್ನೊಂದು ಜಾತಿಯ ಕಳ್ಳಿಗೆ ಅದು ಏನೂ ಮಾಡಲಿಲ್ಲ. ಅದು ದಖ್ಖನ್ನಿನ ಹೊಲ, ಹಾಳೂರು, ಕೋಟೆ ಎಲ್ಲ ಕಡೆ ಹಬ್ಬಿತು.

ನಮ್ಮ ಮನೆತನದ ಮಾತಿನ ಪ್ರಕಾರ ಹಿಂದೆ ಹಿತ್ತಲಕ್ಕೆಲ್ಲ ಇದೇ ಬೇಲಿ. ಬರಗಾಲ ಬಂದಾಗ ಇದರ ಡಬ್ಬಿಗಳನ್ನು ಬೆಂಕಿಗೆ ಹಿಡಿದು ಮುಳ್ಳು ಸುಟ್ಟು ದನಕ್ಕೆ ಹಾಕುತ್ತಿದ್ದರು. ಕೆಂಪು ಹಣ್ಣಿನ ಮುಳ್ಳು ಕಲ್ಲಿಗೆ ತಿಕ್ಕಿ ತೆಗೆದು ಮಕ್ಕಳು ತಿನ್ನುತ್ತಿದ್ದರು, ಬಾಯೆಲ್ಲ ರಕ್ತದಂಗ ಕೆಂಪು. 1926 ರಲ್ಲಿ ಸರಕಾರ ಸಿಲೋನಿನಿಂದ ಇನ್ನೊಂದು ಜಾತಿಯ ಹುಳ ತಂದು ಮದರಾಸ ಪ್ರಾಂತ್ಯದಲ್ಲಿ ಬಿಟ್ಟಿತು. ಐದಾರು ವರ್ಷದಲ್ಲಿ ಕಳ್ಳಿಯ ಕಾಡು ನೆಲಕ್ಕೆ ಬಿತ್ತು, ಮುಂದೆ ಹುಳ ಎಲ್ಲ ಕಡೆ ಹಬ್ಬಿತು. ನಮ್ಮ ಆಯಿ ತನ್ನ ಹರೇದ ಕಾಲದ ಮಾತು ಹೇಳತಿದ್ದಳು. "ಕಳ್ಳಿ ಮ್ಯಾಲ ಅರಳಿ ಹಿಂಜಿ ಒಗದಂಗ ಬೆಳ್ಳಗ ಕಾಣತಿತ್ತು. ಬೆರಳಿಲೆ ಹಿಚುಕಿದರ ಕುಂಕುಮ." ಅವಳಿಗೆ ಕಂಪನಿ ಗೊತ್ತಿಲ್ಲ, ಬ್ರೆಜಿಲ್ ಗೊತ್ತಿಲ್ಲ. ಆದರೆ ಆ ಕುಂಕುಮವೇ ಕಂಪನಿ ಬೆನ್ನು ಹತ್ತಿದ ಬಣ್ಣ.

ಬರಗಾಲದ ಮಾತಿಗೆ ಬರುತ್ತೇನೆ. 1876 ರಲ್ಲಿ ಮಳೆ ಹೋಯಿತು. ಅದು ಧಾತು ಸಂವತ್ಸರ, ಮುಂದಿನದು ಈಶ್ವರ. ಅದಕ್ಕೆ ಹಿರಿಯರು ಧಾತು ಈಶ್ವರ ಬರ ಅಂದರು. ಮುಂಬಯಿ ಪ್ರಾಂತ್ಯ, ಮದರಾಸ ಪ್ರಾಂತ್ಯ, ಮೈಸೂರು, ನಿಜಾಮನ ರಾಜ್ಯ, ಎಲ್ಲಾ ಕಡೆ ಮಂದಿ ಲಕ್ಷಗಟ್ಟಲೆ ಸತ್ತರು. ಊರಿಗೂರು ಬಯಲಾದವು. ಅದೇ ಹೊತ್ತಿಗೆ, 1877 ರಲ್ಲಿ, ಜಮೈಕಾ ದ್ವೀಪದಿಂದ ಒಂದು ಜಾಲಿಯ ಬೀಜ ಬಂತು, ಕಡಪಾ ಸೀಮೆಯಲ್ಲಿ ಬಿತ್ತಿದರು. ಒಣನೆಲಕ್ಕೆ ಉರವಲು ಆಗಲಿ, ಹಸಿರು ಆಗಲಿ ಅನ್ನುವ ಉದ್ದೇಶ. ಇದೇ ಈಗ ನಾವು ಬಳ್ಳಾರಿ ಜಾಲಿ ಅನ್ನುವ ಗಿಡ. ಮರಾಠಿಯವರು ವೇಡಿ ಬಾಭೂಳ, ಹುಚ್ಚು ಜಾಲಿ, ಅಂತಾರ. ಹೆಸರು ಸರಿಯಾಗಿ ಇಟ್ಟಾರ.

ಗಟ್ಟಿತನದಾಗ ಇದನ್ನು ಮೀರಿಸುವ ಗಿಡ ಇಲ್ಲ. ಕಡಿದರೆ ಹತ್ತು ಟೊಂಗೆ ಒಡೆಯುತ್ತದೆ. ಕುರಿ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟುತ್ತದೆ. ಬಡವರ ಒಲೆಗೆ ಕಟ್ಟಿಗೆ ಕೊಟ್ಟಿದ್ದು ಸುಳ್ಳಲ್ಲ, ಇದ್ದಿಲು ಸುಟ್ಟು ಬದುಕಿದ ಮನೆತನಗಳೂ ಇವೆ. ಆದರೆ ಇದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ಪಕ್ಕದಲ್ಲಿ ಬಾರಿ ನಿಲ್ಲುವುದಿಲ್ಲ. ಬನ್ನಿ ಮತ್ತು ಬಳ್ಳಾರಿ ಜಾಲಿ ಒಂದೇ ಕುಲದವು, ಅಕ್ಕ ತಂಗಿ ಇದ್ದಂಗ. ಅಕ್ಕನ ನೆರಳಿನಾಗ ಜೋಳ ಬೆಳೀತದ, ತಂಗಿಯ ನೆರಳಿನಾಗ ಏನೂ ಬೆಳೆಯುವುದಿಲ್ಲ. ಗಿಡ ಗಟ್ಟಿ ಇದ್ದರೆ ಸಾಲದು, ನೆರೆಯವರನ್ನು ಬಾಳಗೊಡಬೇಕು ಅನ್ನುವ ಪಾಠ ಇದು.

1972 ರ ಬರ ನಾನೇ ಕಂಡದ್ದು. ನನಗೆ ಹನ್ನೆರಡು ವರ್ಷ. ಬಾವಿಯ ತಳದಾಗ ಬಟ್ಟಲು ಇಟ್ಟು ಒರತೆ ನೀರು ಗೋರುತ್ತಿದ್ದೆವು. ಅವ್ವ, ಅಪ್ಪ ಸರಕಾರದ ಕೆಲಸಕ್ಕೆ ಖಡಿ ಒಡೆಯಲು ಹೋಗುತ್ತಿದ್ದರು. ಅಮೇರಿಕಾದಿಂದ ಬಂದ ಕೆಂಪು ಜೋಳ, ಮಿಲೋ, ರೇಶನ್ನಿನಾಗ ಕೊಡತಿದ್ದರು. ಅದರ ರೊಟ್ಟಿ ಕಂದು ಬಣ್ಣ, ಗಂಟಲಾಗ ಇಳಿಯುತ್ತಿರಲಿಲ್ಲ. ಕೆಲಸದ ಜಾಗದಾಗ ಸುಕಡಿ ಕೊಡುತ್ತಿದ್ದರು, ಅದು ಮಕ್ಕಳಿಗೆ ಪ್ರೀತಿ. ಆ ಬರದ ಕೆಲಸದಿಂದಲೇ ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆ ಹುಟ್ಟಿತು, 1977 ರಲ್ಲಿ ಅದಕ್ಕೆ ಕಾಯಿದೆ ಆಯಿತು.

ಆಗ ಹಿತ್ತಲಕ್ಕೆ ಬೀಳುತ್ತಿದ್ದುದು ಮುಸುರಿ ನೀರು ಮಾತ್ರ. ಅದೂ ಎಮ್ಮೆ ಕುಡಿದು ಉಳಿದರೆ. ಮಲ್ಲಿಗೆ ಬಳ್ಳಿ ಮೊದಲು ಹೋಯಿತು. ಕರಿಬೇವು ಹೋಯಿತು. ನಿಂಬೆ ಗಿಡ ಎರಡು ತಿಂಗಳು ತಡೆದು ಹೋಯಿತು. ಉಳಿದವು ಬಾರಿ, ಸೀತಾಫಲ, ಒಡ್ಡಿನ ಮೇಲಿನ ಬನ್ನಿ, ಕತ್ತಾಳಿ, ಬೇವು. ಗುಲಬಾಕ್ಷಿ ಸತ್ತಿತು ಅಂತ ತಿಳಿದಿದ್ದೆವು. 1973 ರ ಮಳೆಗೆ ಅದೇ ಜಾಗದಾಗ ಎದ್ದು ಬಂತು. ಆ ಬೇಸಗೆಯಾಗ ಬನ್ನಿಯ ಟೊಂಗೆ ಕಡಿದು ಹಾಕಿದ್ದಕ್ಕೆ ನಮ್ಮ ಕುರಿಗಳು ಬದುಕಿದವು. ಕುರಿ ಬದುಕಿದ್ದಕ್ಕೆ ನಮ್ಮ ಮನೆ ಊರು ಬಿಡಲಿಲ್ಲ. ಓಣಿಯ ಎಷ್ಟೋ ಮನೆಗಳ ಕದಕ್ಕೆ ಕೀಲಿ ಬಿದ್ದಿತ್ತು.

ಮುಂದೆ 1990 ರಲ್ಲಿ ಸರಕಾರ ರೋಜಗಾರ ಹಮಿಗೆ ಹಣ್ಣಿನ ಬೆಳೆ ಜೋಡಿಸಿತು. ಒಣಭೂಮಿಗೆ ಹಚ್ಚಿರಿ ಅಂತ ಹೇಳಿದ ಗಿಡಗಳು ಯಾವುವು? ಬಾರಿ, ಸೀತಾಫಲ, ಹುಣಸೆ, ದಾಳಿಂಬೆ. ನಮ್ಮ ಆಯಿ ಓದು ಬರಹ ಬಾರದವಳು. ಕಲಿತವರ ಪಟ್ಟಿಯೂ ಅವಳ ಹಿತ್ತಲವೂ ಹೆಚ್ಚು ಕಡಿಮೆ ಒಂದೇ ಆದವು.

ಅದರಲ್ಲಿ ದಾಳಿಂಬೆ ಮುಂದೆ ಓಡಿತು. ಗಣೇಶ ತಳಿ, ಆಮೇಲೆ ಭಗವಾ. 2005 ರಲ್ಲಿ ಸೊಲ್ಲಾಪುರದಾಗ ದಾಳಿಂಬೆಗೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರ ಆಯಿತು. ನಮ್ಮ ತಾಲೂಕಿನ ಎಷ್ಟೋ ಮನೆಗಳಿಗೆ ಪಕ್ಕಾ ಗೋಡೆ ಬಂದದ್ದು ದಾಳಿಂಬೆಯಿಂದ. ಹಿತ್ತಲದಾಗ ಒಂದೆರಡು ಇದ್ದಾಗ ದಾಳಿಂಬೆ ಗಟ್ಟಿ ಗಿಡವೇ. ಆದರೆ ಮೈಲಿಗಟ್ಟಲೆ ಅದೊಂದನ್ನೇ ಹಚ್ಚಿದಾಗ ತೇಲ್ಯಾ ರೋಗ ಒಂದು ತೋಟದಿಂದ ಇನ್ನೊಂದಕ್ಕೆ ನಡೆದುಕೊಂಡು ಬಂತು. ಬೇಸಗೆಯಾಗ ಟ್ಯಾಂಕರ್ ನೀರು ಕೊಂಡು ಹಾಕಿದವರೂ ಕಡೆಗೆ ಗಿಡ ಕಿತ್ತು ಬದುವಿಗೆ ಒಗೆದರು. ಗಟ್ಟಿ ಗಿಡವೂ ಒಂಟಿಯಾಗಿ ಗುಂಪು ಕೂಡಿದರೆ ಮೆತ್ತಗಾಗುತ್ತದೆ. 2016 ರ ಏಪ್ರಿಲ್‌ದಾಗ ನಮ್ಮ ಜಿಲ್ಲೆಯ ಮಿರಜದಿಂದಲೇ ಲಾತೂರಿಗೆ ರೇಲ್ವೆಯಲ್ಲಿ ಕುಡಿಯುವ ನೀರು ಹೋಯಿತು, ಮೊದಲ ಗಾಡಿಗೆ 50,000 ಲೀಟರಿನ 10 ಡಬ್ಬಿ. ಮನುಷ್ಯರಿಗೆ ನೀರು ಗಾಡಿಯಲ್ಲಿ ಬರುವ ಕಾಲದಲ್ಲಿ ಹೂವಿನ ಗಿಡಕ್ಕೆ ಯಾವ ಗಾಡಿ ಬರುತ್ತದೆ?

ಈಗ ಮ್ಹೈಸಾಳ ಯೋಜನೆಯ ಕಾಲುವೆ ನೀರು ತಾಲೂಕಿನ ಕೆಲವು ಕಡೆ ಬಂದಿದೆ. ಒಳ್ಳೆಯದಾಗಲಿ. ಆದರೆ ನೀರಿನ ಆಸೆಗೆ ಹಳೆಯ ಒಡ್ಡುಗಳನ್ನು ಜೇಸಿಬಿ ಹಚ್ಚಿ ಸಪಾಟು ಮಾಡುತ್ತಿದ್ದಾರೆ. ಒಡ್ಡಿನ ಜೊತೆ ಬನ್ನಿ ಹೋಗುತ್ತದೆ, ಕತ್ತಾಳಿ ಹೋಗುತ್ತದೆ. ಹಿತ್ತಲ ಇದ್ದಲ್ಲಿ ಫರಸಿ ಬಂದಿದೆ. ಸೊಸೆಯಂದಿರು ನರ್ಸರಿಯಿಂದ ಕುಂಡಿಯ ಗಿಡ ತರುತ್ತಾರೆ, ಎಪ್ರಿಲ್ ತಿಂಗಳಿಗೆ ಕುಂಡಿ ಉಳಿಯುತ್ತದೆ, ಗಿಡ ಉಳಿಯುವುದಿಲ್ಲ. ಅವರನ್ನು ಬಯ್ಯುವುದಕ್ಕೆ ಇದನ್ನು ಬರೆದಿಲ್ಲ. ಅವರಿಗೆ ಹೇಳುವವರು ಯಾರೂ ಇಲ್ಲ, ಅದಕ್ಕೆ ಬರೆದೆ. ಮೊಮ್ಮಕ್ಕಳು ಬಾರಿಗೆ ಬೋರ ಅಂತಾರ, ಅದು ಚಿಂತೆಯಲ್ಲ. ಗಿಡ ತೋರಿಸಿದರೆ ಎರಡು ಭಾಷೆಯಲ್ಲೂ ಹೆಸರು ಬರುವುದಿಲ್ಲ, ಅದು ಚಿಂತೆ.

ಹಿತ್ತಲಕ್ಕೆ ಗಿಡ ಆರಿಸುವವರು ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ. ಎರಡು ಮಳೆಗಾಲ ಕೈಕೊಟ್ಟರೆ ಇದು ಉಳಿಯುತ್ತದೆಯೇ? ಆಡು ಬಾಯಿ ಹಾಕಿದರೆ ಮತ್ತೆ ಚಿಗುರುತ್ತದೆಯೇ? ಮನೆಗೆ ಹಣ್ಣೋ, ಹೂವೋ, ಮೇವೋ, ಹಗ್ಗವೋ ಏನಾದರೂ ಕೊಡುತ್ತದೆಯೇ? ಪಕ್ಕದ ಗಿಡವನ್ನು ಬಾಳಗೊಡುತ್ತದೆಯೇ? ಎಲ್ಲಿಂದ ಬಂದದ್ದು ಅನ್ನುವ ಪ್ರಶ್ನೆ ಇದರಾಗ ಇಲ್ಲ. ಸೀತಾಫಲ ಕಡಲಾಚೆಯದು, ಬನ್ನಿ ಇಲ್ಲಿಯದು, ಎರಡೂ ನಮ್ಮವು. ಬಳ್ಳಾರಿ ಜಾಲಿಯನ್ನು ಬ್ಯಾಡ ಅನ್ನುವುದು ಅದು ಹೊರಗಿನದು ಅಂತ ಅಲ್ಲ, ಯಾರಿಗೂ ಜಾಗ ಬಿಡುವುದಿಲ್ಲ ಅಂತ. ಗಡಿಯಾಗ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ವಾಚನಾಲಯದ ಹಿಂದೆ ಎರಡು ಗುಂಟೆ ಜಾಗ ಹಾಳು ಬಿದ್ದಿದೆ. ಅಲ್ಲಿ ಇಂಥದೊಂದು ಹಿತ್ತಲ ಮಾಡೋಣ ಅಂತ ಕೇಳಿಕೊಳ್ಳುತ್ತೇನೆ. ಅಂಚಿಗೆ ಕತ್ತಾಳಿ ಮರಿ ನಾನು ಕೊಡುತ್ತೇನೆ. ಬಾರಿ ಮತ್ತು ಸೀತಾಫಲದ ಬೀಜ ಕೊಡುತ್ತೇನೆ, ಅಲ್ಲೇ ಊರೋಣ. ಗುಲಬಾಕ್ಷಿಯ ಗಡ್ಡೆ ಒಂದು ಬುಟ್ಟಿ ಆಗುತ್ತವೆ. ಬನ್ನಿಯ ಬೀಜವನ್ನು ಬಿಸಿನೀರಿಗೆ ಹಾಕಿ ಒಂದು ರಾತ್ರಿ ಇಟ್ಟು ಊರಬೇಕು. ಮೊದಲ ವರ್ಷಗಳಲ್ಲಿ ಅದು ಮೇಲಕ್ಕೆ ಬೆಳೆಯುವುದಿಲ್ಲ, ಬೇರು ಇಳಿಸುತ್ತಿರುತ್ತದೆ, ಬೆಳೀಲಿಲ್ಲ ಅಂತ ಕಿತ್ತು ಒಗೆಯಬೇಡಿರಿ. ಅದರ ನೆರಳಿನಾಗ ಕೂಡುವವರು ಈಗ ಒಂದನೇ ಇಯತ್ತೆ ಓದುವ ಮಕ್ಕಳು. ಒಂದೊಂದು ಗಿಡದ ಮುಂದೆ ಕನ್ನಡ, ಮರಾಠಿ ಎರಡರಲ್ಲೂ ಹೆಸರು ಬರೆದ ಹಲಗೆ ಇರಲಿ.

ಮಿರಗದ ಮಳಿ ಬಿದ್ದ ಮರುದಿನ ನಮ್ಮ ಮನಿಗೆ ಬರ್ರಿ. ಬರುವಾಗ ಗುದ್ದಲಿ ತರ್ರಿ, ನಂದು ಸವದೈತಿ.